ಕಿಟಕಿಯ ಸರಳಿಗೆ ಕಟ್ಟಿದ ನಿದ್ದೆ

ಇವರ ತಲೆಗೆ ಕೂದಲು ನೆಟ್ಟ ಕ್ಲಿನಿಕ್ಕಿನವರು ಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬರುವ ಬಾಡಿಗೆ ಕಾರಿನಲ್ಲಿ ಅದನ್ನು ಎರಡು ಸಲ ಓದಿಕೊಂಡು ಇವರಿಗೆ ಕನ್ನಡದಲ್ಲಿ ಹೇಳಿದೆ. ಹತ್ತು ರಾತ್ರಿ ಚಪ್ಪಟೆಯಾಗಿ ಮಲಗುವಂತಿಲ್ಲ. ಮಗ್ಗುಲಾಗುವಂತಿಲ್ಲ, ಬೋರಲು ಮಲಗುವ ಮಾತಂತೂ ಇಲ್ಲವೇ ಇಲ್ಲ. ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಅರ್ಧ ಕೂತ ಹಾಗೆ ಒರಗಬೇಕು, ಕತ್ತಿಗೆ ಲಾಳದ ಆಕಾರದ ದಿಂಬು ಇಡಬೇಕು. ನೆಟ್ಟ ಕೂದಲಿಗೆ ದಿಂಬು, ಟವೆಲು, ಕೈ ಯಾವುದೂ ತಾಗಬಾರದು. ಈ ಹತ್ತು ದಿನದಲ್ಲಿ ಒಂದು ಕೂದಲು ಬುಡಸಮೇತ ಕಿತ್ತು ಬಂದರೆ ಆ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ.

"ಇಪ್ಪತ್ತು ವರ್ಷಕ್ಕೆ ನಿನ್ನ ಕಾನ್ವೆಂಟು ಒಂದು ಕೆಲಸಕ್ಕೆ ಬಂತು ನೋಡು," ಅಂದರು ಇವರು. ತಲೆ ಅಲುಗಿಸುವಂತಿರಲಿಲ್ಲವಲ್ಲ, ಕಣ್ಣನ್ನು ಮಾತ್ರ ನನ್ನ ಕಡೆ ಹೊರಳಿಸಿದರು. ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡಿ ನಕ್ಕ. ಆಮೇಲೆ ಪ್ರತಿಯೊಂದು ಹಂಪಿನಲ್ಲೂ ಬೇಕೆಂದೇ ಅತಿ ನಿಧಾನ ಮಾಡಿ, "ಸಾರ್, ಪೈರು ಅಲುಗಲಿಲ್ಲ ಅಲ್ವಾ?" ಎಂದು ಕೇಳುತ್ತಿದ್ದ.

ಇವರು ಊರಿನ ದೊಡ್ಡ ಸೀರೆ ಅಂಗಡಿಯೊಂದರಲ್ಲಿ ಮದುವೆ ಸೀರೆ ತೋರಿಸುವ ಕೆಲಸದಲ್ಲಿದ್ದರು. ಮೂರನೇ ಮಹಡಿ, ಬಿಳಿ ಹಾಸಿನ ಗಾದಿ, ಗೋಡೆಯುದ್ದಕ್ಕೂ ಕನ್ನಡಿ. ಸೀರೆಯನ್ನು ಬಿಚ್ಚಿ ಹಾಸಿದರೆ ಹೆಂಗಸರಿಗೆ ಅರ್ಧ ಮನಸ್ಸು ಬರುತ್ತದೆ. ತೋರಿಸುವವನು ಅದನ್ನು ತನ್ನ ಪ್ಯಾಂಟಿನ ಮೇಲೇ ಸುತ್ತಿಕೊಂಡು, ನೆರಿಗೆ ಹಿಡಿದು, ಸೆರಗು ಹೊದ್ದು ಎದ್ದು ನಿಂತರೆ ಪೂರ್ತಿ ಮನಸ್ಸು ಬರುತ್ತದೆ. ನೆರಿಗೆ ಹಿಡಿಯುವುದರಲ್ಲಿ ಇವರ ಬೆರಳು ನನ್ನ ಬೆರಳಿಗಿಂತ ಚುರುಕು. ಮದುವೆಯಾದ ಹೊಸದರಲ್ಲಿ ನನಗೆ ರೇಷ್ಮೆ ಸೀರೆ ಉಡಿಸಿದ್ದೂ ಇವರೇ. "ಏನು ಕಲಿಸಿದರೋ ನಿಮ್ಮ ಸಿಸ್ಟರುಗಳು, ಸೀರೆ ಉಡೋಕೆ ಬರಲ್ಲ," ಅಂದಿದ್ದರು.

ಕೂದಲು ನೆಡಿಸುವ ಕೆಲವು ತಿಂಗಳ ಮೊದಲು ಹಿರಿಯೂರು ಕಡೆಯಿಂದ ಮದುವೆ ಮನೆಯವರು ಒಂದು ವ್ಯಾನು ತುಂಬ ಬಂದರು. ಧಾರೆಗೆ ಕೆಂಪಂಚಿನ ಬಿಳಿ ಸೀರೆ ಬೇಕಿತ್ತು. ಇವರು ಒಂದನ್ನು ಸುತ್ತಿಕೊಂಡು ಸೆರಗನ್ನು ತಲೆಯ ಮೇಲೆ ಹೊದ್ದು ನಿಂತರು. ಮೇಲೆ ಫ್ಯಾನು ತಿರುಗುತ್ತಿತ್ತು. ಸೆರಗು ಜಾರಿತು. ಅಷ್ಟೂ ಟ್ಯೂಬುಲೈಟಿನ ಕೆಳಗೆ ಬೋಳು ತಲೆ, ಬಿಳಿ ಸೀರೆ. ಗಾದಿಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ಕೈಯೆತ್ತಿ ತೋರಿಸಿದಳು.

"ಅಯ್ಯ ಶಿವನೇ, ತಲೆ ಬೋಳಿಸಿದ ಮುಂಡೆ ಕಂಡಂಗೆ ಕಾಣ್ತಾನಲ್ಲೇ! ಧಾರೆ ಸೀರೇನ ಮೊದ್ಲು ಇವನ ಮೈಮ್ಯಾಲಾ ನೋಡದು? ಏಳ್ರಿ, ಏಳ್ರಿ, ಬ್ಯಾರೆ ಅಂಗ್ಡಿಗೆ ಹೋಗಾಣ."

ಮದುವಣಗಿತ್ತಿ ಮೊದಲು ನಕ್ಕಳು, ಆಮೇಲೆ ಅವಳಿಗೂ ಭಯವಾಯಿತು. ಎಲ್ಲರೂ ಎದ್ದು ಹೋದರು. ಮಾರನೇ ದಿನ ಇವರನ್ನು ಕೆಳಗಿನ ಮಹಡಿಗೆ ಇಳಿಸಿದರು. ಅಲ್ಲಿ ಟವೆಲು, ಪಂಚೆ, ಲಂಗದ ಬಟ್ಟೆ. ಗಾದಿಗೆ ಹೊಸದುರ್ಗದಿಂದ ಬಂದ ಇನ್ನೊಬ್ಬನನ್ನು ಹಾಕಿದರು. ಅವನಿಗೆ ನೆರಿಗೆ ಹಿಡಿಯಲು ಬರುತ್ತಿರಲಿಲ್ಲ, ಆದರೆ ಬಾಚಣಿಗೆ ಸಿಕ್ಕಿಕೊಳ್ಳುವಷ್ಟು ಕೂದಲಿತ್ತು. ಅಂಗಡಿ ಸಾಹುಕಾರರು ಇವರ ಭುಜ ತಟ್ಟಿ, "ನಿನ್ನ ಕೈಯಾಗೆ ಕಲೆ ಐತೆ ಕಣಯ್ಯ. ತಲೆ ಮ್ಯಾಲೆ ಏನಾದ್ರೂ ಬೆಳೆಸ್ಕಂಡು ಬಾ, ನಿನ್ನ ಜಾಗ ನಿಂಗೇ," ಅಂದರಂತೆ. ಅವರು ತಮಾಷೆಗೆ ಅಂದದ್ದು. ಇವರು ಅದನ್ನು ಮಾತು ಕೊಟ್ಟದ್ದು ಎಂದು ತಿಳಿದು ಮನೆಗೆ ಬಂದರು.

ಕೂದಲು ನೆಡಿಸುವ ವಿಷಯ ನಮ್ಮಿಬ್ಬರಿಗೆ ಬಿಟ್ಟು ನಮ್ಮವರಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಮಗಳು ಸಿರಿಗೆರೆಯ ಹಾಸ್ಟೆಲಿನಲ್ಲಿದ್ದಳು, ಅವಳಿಗೂ ಹೇಳಲಿಲ್ಲ. ಅತ್ತೆ ಇರುವುದು ಹೊಳಲ್ಕೆರೆ ತಾಲ್ಲೂಕಿನಲ್ಲಿ, ರಾಮಗಿರಿಯ ಪಕ್ಕದ ಹಳ್ಳಿ. ಮಾಲು ತರಲು ಸೂರತ್ತಿಗೆ ಹೋಗುತ್ತೇನೆ, ಹತ್ತು ದಿನ ಫೋನು ಸಿಗುವುದಿಲ್ಲ ಎಂದು ಇವರೇ ಅವರಿಗೆ ಹೇಳಿಬಿಟ್ಟಿದ್ದರು.

ಮೊದಲ ರಾತ್ರಿ ನೋವಿಗೆ ಇವರಿಗೆ ನಿದ್ದೆಯೇ ಬರಲಿಲ್ಲ. ಕೂದಲು ತೆಗೆದದ್ದು ತಲೆಯ ಹಿಂಭಾಗದಿಂದ, ಆ ಜಾಗ ದಿಂಬಿಗೆ ತಾಗಿದರೆ ಉರಿ. ಎರಡನೇ ರಾತ್ರಿ ನಿದ್ದೆ ಬಂತು, ಅದೇ ಕಷ್ಟವಾಯಿತು. ಹುಟ್ಟಿದಾಗಿನಿಂದ ಬೋರಲು ಮಲಗಿದ ಮನುಷ್ಯ. ಕಣ್ಣು ಮುಚ್ಚಿದ ಹತ್ತು ನಿಮಿಷಕ್ಕೆ ಮೈ ತಾನಾಗಿ ಬಲಕ್ಕೆ ಜಾರುತ್ತದೆ, ಕೆನ್ನೆ ದಿಂಬನ್ನು ಹುಡುಕುತ್ತದೆ. ನಾನು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ, ನೆಟ್ಟ ಜಾಗ ಒಣಗದಂತೆ ಹೊಡೆಯುವ ಉಪ್ಪುನೀರಿನ ಸ್ಪ್ರೇ ಬಾಟಲಿ ಇಟ್ಟುಕೊಂಡು ಕಾವಲು ಕೂತಿದ್ದೆ. ಜಾರಿದಾಗಲೆಲ್ಲ ಗದ್ದ ಹಿಡಿದು ನೆಟ್ಟಗೆ ಮಾಡುತ್ತಿದ್ದೆ. ಒಂದು ಸಲ ನನಗೇ ತೂಕಡಿಕೆ ಬಂತು. ಕಣ್ಣು ಬಿಟ್ಟರೆ ನೆತ್ತಿಗೂ ಗೋಡೆಗೂ ಒಂದು ಬೆರಳಿನ ಅಂತರ. ಇವರು ಎಚ್ಚರವಾಗಿ ಬೈದರು.

"ಎದುರಿಗೆ ಕೂತು ನಿದ್ದೆ ಹೊಡೀತೀಯಲ್ಲೇ? ಹೋಗೋದು ನನ್ನ ತಲೆ, ನಿಂಗೇನು?"

ಮೂರನೇ ದಿನ ಸಂಜೆ ಇವರೇ ಉಪಾಯ ಹೇಳಿದರು. ಹಣೆಗೆ ಒಂದು ಮೆತ್ತನೆ ಪಟ್ಟಿ ಕಟ್ಟು, ಹುಬ್ಬಿನ ಮೇಲೆ, ಕೂದಲು ನೆಟ್ಟಲ್ಲಿಗೆ ಸೋಕದ ಹಾಗೆ. ಎರಡು ತುದಿಯನ್ನೂ ಹಿಂದಿನ ಕಿಟಕಿಯ ಸರಳಿಗೆ ಬಿಗಿ. ಅಕ್ಕಪಕ್ಕ ಕಂಬಳಿ ಸುತ್ತಿಡು. ತಲೆ ಎಲ್ಲಿಗೆ ಹೋಗುತ್ತೆ ನೋಡಾಣ.

ನನ್ನ ಹಳೆಯ ಬಿಳಿ ವಾಯಿಲ್ ಸೀರೆಯಿಂದ ನಾಲ್ಕು ಬೆರಳಗಲದ ಪಟ್ಟಿ ಹರಿದೆ. ಮಂಚವನ್ನು ಕಿಟಕಿಗೆ ಒತ್ತಿದೆವು. ಪಟ್ಟಿಯನ್ನು ಸರಳಿಗೆ ಸುತ್ತಿ ಗಂಟು ಹಾಕುವಾಗ ನನ್ನ ಕೈ ನಿಂತಿತು. ಆ ಗಂಟು ನನಗೆ ಗೊತ್ತಿತ್ತು.

ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಒರಗಿಸಿ, ಎರಡೂ ಪಕ್ಕ ದಿಂಬು ಕೊಟ್ಟು, ಕತ್ತು ಜೋಲದ ಹಾಗೆ ಹಣೆಗೆ ಬಟ್ಟೆ ಕಟ್ಟಿ ಹಿಂದೆ ಕಿಟಕಿಗೋ ಮೊಳೆಗೋ ಬಿಗಿಯುತ್ತಾರೆ. ವಿಭೂತಿ ಬಳಿದು ಹೂವು ಹಾಕುತ್ತಾರೆ. ಬಂದವರು ಎದುರಿಗೆ ಚಾಪೆಯ ಮೇಲೆ ಕೂತು, ಕೂತವರನ್ನು ನೋಡಿ ಅಳುತ್ತಾರೆ.

ನಮ್ಮಪ್ಪನನ್ನೂ ಹಾಗೆ ಕೂರಿಸಿದ್ದರು. ಅಪ್ಪ ದರ್ಜಿ. ಕಾನ್ವೆಂಟಿನ ಸಮವಸ್ತ್ರಗಳನ್ನು ಹೊಲಿದುಕೊಡುತ್ತಿದ್ದ ಕಾರಣಕ್ಕೇ ಸಿಸ್ಟರುಗಳು ನನ್ನನ್ನು ಸೇರಿಸಿಕೊಂಡಿದ್ದರು. ಮೂವತ್ತೈದು ವರ್ಷ ಮಷೀನಿನ ಮೇಲೆ ಬಗ್ಗಿ ಅಪ್ಪನ ಬೆನ್ನು ಗೂನಾಗಿ ಹೋಗಿತ್ತು. ನಡೆಯುವಾಗ ನೆಲದಲ್ಲಿ ಬಿದ್ದ ಸೂಜಿ ಹುಡುಕುವವರ ಹಾಗೆ ಕಾಣುತ್ತಿದ್ದರು. ಸತ್ತ ದಿನ ಆ ಬೆನ್ನನ್ನು ಒತ್ತಿ ಹಿಡಿದು ಗೋಡೆಗೆ ಒರಗಿಸಲು ಮೂರು ಜನ ಬೇಕಾಯಿತು. ಅತ್ತೆ ಮಧ್ಯಾಹ್ನದ ಹೊತ್ತಿಗೆ ಬಂದರು. ಹೊಸಿಲ ಮೇಲೆ ನಿಂತು, ಪಡಸಾಲೆ ತುಂಬ ಜನ ಕೂತಿದ್ದಂತೆಯೇ, ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಬದುಕಿದ್ದಾಗ ಒಂದಿನನಾದ್ರೂ ಇಷ್ಟು ನೆಟ್ಟಗೆ ಕುಂತಿದ್ನಾ ನಮ್ಮ ಬೀಗ? ಸತ್ತ ಮ್ಯಾಲೆ ಸೆಟ್ಕಂಡು ಕುಂತವ್ನೆ ನೋಡ್ರಿ, ಸಾಹುಕಾರನಂಗೆ."

ಇಬ್ಬರು ಮೂವರು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುವುದಕ್ಕಲ್ಲ. ನಾನು ಹೂವಿನ ತಟ್ಟೆ ಕೆಳಗಿಟ್ಟು, "ಬರ್ರಿ ಅತ್ತೆ, ಕುಂತ್ಕಳ್ರಿ," ಎಂದು ಚಾಪೆ ಸರಿಸಿಕೊಟ್ಟೆ. ಅದು ಆಗಿ ಏಳು ವರ್ಷ. ಅತ್ತೆಗೆ ಅದು ನೆನಪೂ ಇರಲಿಕ್ಕಿಲ್ಲ, ಅವರ ಬಾಯಿಂದ ಅಂಥದ್ದು ದಿನಕ್ಕೊಂದು ಬರುತ್ತದೆ. ನಾನೂ ಮರೆತಿದ್ದೇನೆ ಅಂದುಕೊಂಡಿದ್ದೆ.

"ಏನ್ ನೋಡ್ತಾ ನಿಂತೆ? ಬಿಗಿ," ಅಂದರು ಇವರು. ಬಿಗಿದೆ.

ಆ ರಾತ್ರಿ ತಲೆ ಅಲುಗಲಿಲ್ಲ. ಬೆಳಗಿನ ಜಾವದ ಹೊತ್ತಿಗೆ ಇವರು ಗೊರಕೆಯೂ ಇಲ್ಲದ ಗಾಢ ನಿದ್ದೆಗೆ ಹೋದರು, ಆಪರೇಷನ್ ಆದ ಮೇಲೆ ಮೊದಲ ಸಲ. ಹಣೆಯ ಊತ ಕಣ್ಣಿಗೆ ಇಳಿದಿತ್ತು. ಹಾಳೆಯಲ್ಲಿ ಇದೂ ಬರೆದಿತ್ತು, ಹೆದರಬೇಕಿಲ್ಲ ಎಂದು. ರೆಪ್ಪೆಗಳು ಉಬ್ಬಿ, ಮುಖ ಗುಂಡಾಗಿ, ತುಟಿ ಸ್ವಲ್ಪ ತೆರೆದಿತ್ತು. ರಾತ್ರಿಯಿಡೀ ಹೊಡೆದ ಉಪ್ಪುನೀರು ಪಟ್ಟಿಯ ಮೇಲೂ ಕೆಳಗೂ ಹರಿದು ಒಣಗಿ ಹಣೆಯ ಮೇಲೆ ಬಿಳಿಯ ಗೆರೆಗಳಾಗಿತ್ತು. ಒರೆಸೋಣವೆಂದರೆ ಎಚ್ಚರವಾದೀತು ಎಂದು ಬಿಟ್ಟೆ. ಸೋಮವಾರ. ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ ಊದುಬತ್ತಿ ಸಿಕ್ಕಿಸಿದೆ. ಹೊಗೆ ಕೋಣೆಯವರೆಗೂ ಹೋಯಿತು.

ಏಳೂವರೆಗೆ ಗೇಟಿನ ಚಿಲಕದ ಸದ್ದು. ಬಾಗಿಲು ತೆರೆದರೆ ಅತ್ತೆ. ಕೈಯಲ್ಲಿ ನಾಲ್ಕು ತೆಂಗಿನಕಾಯಿಯ ಚೀಲ. ಮೊದಲ ಬಸ್ಸಿಗೆ ಬಂದಿದ್ದಾರೆ, ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿದೆ. ಒಂದು ಕಾಲಿನ ಚಪ್ಪಲಿಯ ಪಟ್ಟಿ ಕಿತ್ತು ಅದನ್ನು ಪಿನ್ನಿನಿಂದ ಸಿಕ್ಕಿಸಿಕೊಂಡಿದ್ದರು.

"ಸೂರತ್ತೂ ಇಲ್ಲ ಗೀರತ್ತೂ ಇಲ್ವಂತೆ! ನಮ್ಮೂರೋನೊಬ್ಬ ಪಂಚೆ ತರಕೆ ಅಂಗ್ಡಿಗೆ ಹೋಗಿದ್ದ. ರಜಾ ಹಾಕವ್ನೆ, ಹುಷಾರಿಲ್ಲ ಅಂದ್ರಂತೆ. ಏನಾಗೈತೆ ನನ್ನ ಮಗನಿಗೆ? ಎಲ್ಲವ್ನೆ?"

ಬಾಗಿಲಿಗೆ ಬಂದವರನ್ನು ಮೊದಲು ನಾವೇ ಮಾತಾಡಿಸಬೇಕು ಎಂದು ಒಂದನೇ ಕ್ಲಾಸಿನಲ್ಲೇ ಸಿಸ್ಟರು ಕಲಿಸಿದ್ದರು. ನಾನು ಅದನ್ನು ಎಂದೂ ತಪ್ಪಿದವಳಲ್ಲ. ಮಲಗಿದ್ದಾರೆ ಅತ್ತೆ, ಚೆನ್ನಾಗಿದ್ದಾರೆ. ಅಷ್ಟು ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಅವರ ಮುಖ ನೋಡಿದೆ. ಆ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡಿತು. ನಾನು ತಲೆ ತಗ್ಗಿಸಿದೆ. ಆ ಚಪ್ಪಲಿಯ ಪಿನ್ನನ್ನು ನೋಡುತ್ತ ಬಾಗಿಲಿಂದ ಪಕ್ಕಕ್ಕೆ ಸರಿದೆ.

ಚೀಲ ಅಲ್ಲೇ ಬಿತ್ತು. ಒಂದು ಕಾಯಿ ಉರುಳಿ ಮೆಟ್ಟಿಲಿಳಿಯಿತು. ಅವರು ಕೋಣೆಗೆ ಓಡಿದರು. ನಾನೂ ಹಿಂದೆಯೇ ಹೋದೆ. ತಡೆಯಲು ಹೋಗಲಿಲ್ಲ. ನೋಡಲು ಹೋದೆ.

ಅವರು ನೋಡಿದ್ದು ಇದು: ಊದುಬತ್ತಿಯ ಹೊಗೆ, ಗೋಡೆಗೆ ಒರಗಿ ಕೂತ ಮಗ, ಎರಡು ಪಕ್ಕ ಸುತ್ತಿಟ್ಟ ಕಂಬಳಿ, ಊದಿದ ಮುಖ, ಹಣೆಯ ಮೇಲೆ ಬಿಳಿ ಗೆರೆ, ಹಣೆಗೆ ಕಟ್ಟಿದ ಬಿಳಿ ಬಟ್ಟೆ, ಅದರ ತುದಿ ಕಿಟಕಿಯ ಸರಳಿಗೆ.

"ಕುಂಡ್ರಿಸಿಬಿಟ್ರಲ್ಲಪ್ಪೋ! ನಾನು ಬರಾತಂಕ ತಡೀದೆ ಕುಂಡ್ರಿಸಿಬಿಟ್ರಲ್ಲೋ ನನ್ನ ಮಗನ್ನ!"

ಆ ಕೂಗು ಕೇಳಿ ನನ್ನ ಎದೆಯೊಳಗೆ ಏನೋ ಒಂದು ಸಡಿಲವಾಯಿತು. ಹಾಯಾಯಿತು ಅಂತಲೇ ಹೇಳಬೇಕು. ನೋಡು, ಕೂರಿಸಿದರೆ ಹೀಗೆ ಕಾಣುತ್ತದೆ. ಒಂದು ಕ್ಷಣ ನೋಡಲಿ, ಆಮೇಲೆ ಹೇಳೋಣ. ನಾನು ಲೆಕ್ಕ ಹಾಕಿದ್ದು ಒಂದೇ ಕ್ಷಣ.

ತಾಯಿ ಹೆಣವನ್ನು ದೂರ ನಿಂತು ನೋಡುವುದಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮಂಚ ಹತ್ತಿ ಮಗನ ತಲೆಯನ್ನು ಎರಡೂ ಕೈಯಿಂದ ಬಾಚಿ ಎದೆಗೆ ಒತ್ತಿಕೊಂಡಿದ್ದರು. ತಲೆ ಮುಂದೆ ಬಂತು, ಪಟ್ಟಿ ಹಿಂದಿನಿಂದ ಹಿಡಿದಿತ್ತು. ಅವರು ಇನ್ನೂ ಜೋರಾಗಿ ಎಳೆದರು. ಪಟ್ಟಿ ಹುಬ್ಬಿನಿಂದ ಮೇಲಕ್ಕೆ ಜಾರಿ, ನೆಟ್ಟ ಕೂದಲಿನ ಎಡಭಾಗವನ್ನು ಉಜ್ಜಿಕೊಂಡು ಹೋಗಿ ಕಳಚಿತು. ಅದರ ಮೇಲೆ ಅವರು ತಮ್ಮ ಕೆನ್ನೆ ಇಟ್ಟು ಅತ್ತಿತ್ತ ಹೊರಳಿಸಿದರು.

ಹೆಣ ಕಿರುಚಿತು.

ಅತ್ತೆ ಅದಕ್ಕಿಂತ ಜೋರಾಗಿ ಕಿರುಚಿ ಕೈ ಬಿಟ್ಟು ಮಂಚದಿಂದ ಜಾರಿ ಕೆಳಗೆ ಕೂತುಬಿಟ್ಟರು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯವರು, "ಏನಾತ್ರಿ?" ಎಂದು ಕೂಗಿದರು. "ಏನಿಲ್ಲ, ಅತ್ತೆ ಬಂದವ್ರೆ," ಅಂದೆ. "ಓ, ನಮ್ಮನೇಲೂ ಹಿಂಗೇ," ಎಂದು ನಕ್ಕು ಒಳಗೆ ಹೋದರು.

ಇವರು ಎರಡೂ ಅಂಗೈಯನ್ನು ತಲೆಯಿಂದ ಒಂದು ಗೇಣು ದೂರ ಹಿಡಿದು, ಮುಟ್ಟಲಾರದೆ, ಹೊತ್ತ ಕೊಡ ಬಿದ್ದು ಹೋದವರ ಹಾಗೆ ಕೂತಿದ್ದರು. ಎಡ ಹಣೆಯಿಂದ ರಕ್ತ ಕಿವಿಯವರೆಗೆ ಇಳಿದಿತ್ತು. ನಾನು ಕ್ಲಿನಿಕ್ಕಿಗೆ ಫೋಟೋ ಕಳಿಸಿ ಫೋನು ಮಾಡಿದೆ. ಆ ಕಡೆಯ ಹುಡುಗಿ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಾಗಿ, ಹೋದದ್ದು ಹೋಯಿತು ಮೇಡಂ, ಉಳಿದದ್ದನ್ನು ಮುಟ್ಟಬೇಡಿ, ಸ್ಪ್ರೇ ಮಾಡುತ್ತಿರಿ, ಎಂದಳು. ನಾನು ಅದನ್ನೂ ಕನ್ನಡ ಮಾಡಿ ಹೇಳಿದೆ.

ಅತ್ತೆಗೆ ವಿಷಯ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಮ್ಮ ಎದೆಯ ಮೇಲಿನ ಸೀರೆ ನೋಡಿಕೊಂಡರು. ರಕ್ತದ ಕಲೆಯ ಮಧ್ಯೆ ಕರಿ ಎಳ್ಳಿನಷ್ಟು ಚುಕ್ಕೆಗಳು ಅಂಟಿದ್ದವು. ಒಂದೊಂದನ್ನೇ ಉಗುರಿನಿಂದ ಬಿಡಿಸಿ ಅಂಗೈಯಲ್ಲಿ ಹಾಕಿಕೊಂಡು ಎದ್ದು ನಿಂತರು.

"ಇವನ್ನ ತಿರುಗಿ ನೆಡಕಾಗಲ್ವೇನಪ್ಪ? ರಾಗಿ ಸಸಿ ಕಿತ್ತು ನಾಟಿ ಹಾಕಲ್ವಾ ನಾವು?"

ಇವರು ಮೊದಲ ಸಲ ಅವರ ಕಡೆ ತಿರುಗಿದರು. ಊದಿದ ಕಣ್ಣಿನ ಸಂದಿಯಿಂದ ನೋಡುತ್ತಿದ್ದರು.

"ತಗಂಡು ಹೋಗಿ ನಿನ್ನ ಹೊಲದಾಗೇ ನೆಟ್ಕ. ಸತ್ತೋದೆ ಅಂತ ಬಾಚ್ಕಂಡ್ಯಲ್ಲವ್ವ, ಸತ್ತೇ ಇದ್ದಿದ್ರೆ ಚೆನ್ನಾಗಿತ್ತು, ನಿನ್ನ ಕೈ ತಪ್ತಿತ್ತು."

ಅತ್ತೆ ಮುಷ್ಟಿ ಬಿಗಿದುಕೊಂಡು ಹೋಗಿ ಹೊಸಿಲ ಹತ್ತಿರ ಕೂತರು. ಕಾಫಿ ಕೊಟ್ಟೆ, ಕೆನೆ ಕಟ್ಟಿ ತಣ್ಣಗಾಗುವವರೆಗೆ ಲೋಟ ಹಾಗೇ ಇತ್ತು. ಬೇರೆ ಸೀರೆ ಕೊಟ್ಟೆ, ಬೇಡವೆಂದರು. ಅದೇ ರಕ್ತದ ಸೀರೆಯ ಸೆರಗನ್ನು ಎದೆಗೆ ಅಡ್ಡ ಹೊದ್ದುಕೊಂಡು, ಮುಷ್ಟಿ ಬಿಚ್ಚದೆ, ಮಧ್ಯಾಹ್ನದ ಬಸ್ಸಿಗೆ ಹೋದರು. ಬಾಗಿಲಲ್ಲಿ ನನ್ನನ್ನು ಒಂದು ಸಲ ನೋಡಿದರು. ನಾನು "ಹೋಗಿ ಬರ್ರಿ ಅತ್ತೆ," ಅಂದೆ.

ಮೂರನೇ ವಾರಕ್ಕೆ ನೆಟ್ಟ ಕೂದಲೆಲ್ಲ ಉದುರಿತು. ಉದುರುತ್ತದೆ, ಬೇರು ಒಳಗಿರುತ್ತದೆ ಎಂದು ಹಾಳೆಯಲ್ಲಿತ್ತು, ಆದರೂ ಇವರು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತದ್ದು ನನಗೆ ಕೇಳಿಸಿತು. ನಾಲ್ಕನೇ ತಿಂಗಳು ಚಿಗುರಿತು. ಎಂಟನೇ ತಿಂಗಳಿಗೆ ನಿಜವಾಗಿಯೂ ಕೂದಲು ಅನ್ನುವ ಹಾಗೆ ಬಂತು, ಎಡಗಡೆ ಮುಂದೆ ಎರಡು ಬೆರಳಗಲ ಬಿಟ್ಟು. ಅಲ್ಲಿ ಚರ್ಮ ನುಣ್ಣಗೆ, ಸುತ್ತ ಕಪ್ಪಾದ್ದರಿಂದ ಮೊದಲಿಗಿಂತ ಹೆಚ್ಚು ಹೊಳೆಯುತ್ತದೆ. ತಲೆ ಪೂರ್ತಿ ಬೋಳಿದ್ದಾಗ ಯಾರೂ ಒಂದೇ ಜಾಗ ದಿಟ್ಟಿಸುತ್ತಿರಲಿಲ್ಲ. ಈಗ ಎಲ್ಲರ ಕಣ್ಣೂ ನೆಟ್ಟಗೆ ಅಲ್ಲಿಗೇ ಹೋಗುತ್ತದೆ.

ಸಾಹುಕಾರರು ಕತ್ತು ಓರೆ ಮಾಡಿ ನೋಡಿದರಂತೆ. "ಪೈರು ಬಂದೈತೆ ಕಣಯ್ಯ! ಆದ್ರೆ ಅಲ್ಲೊಂದು ಕಡೆ ಹಂದಿ ಮೇಯ್ದಂಗೈತಲ್ಲ?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಇವರೂ ನಕ್ಕರಂತೆ. ಮಾತು ಕೊಟ್ಟಿದ್ದೀರಿ ಎಂದು ನೆನಪಿಸಿದಾಗ ಮೂರನೇ ಮಹಡಿಗೆ ಕಳಿಸಿದರು. ಗಾದಿಗೆ ಅಲ್ಲ, ಗಾದಿಯ ಹಿಂದೆ, ಗಿರಾಕಿಗಳು ನೋಡಿ ಬಿಟ್ಟ ಸೀರೆಗಳನ್ನು ಮಡಿಸುವ ಜಾಗಕ್ಕೆ. ಹೊಸದುರ್ಗದವನು ಬಿಚ್ಚುತ್ತಾನೆ, ಇವರು ಮಡಿಸುತ್ತಾರೆ.

ಈ ಸಲ ಸಂಬಂಧಿಕರ ಮದುವೆಗೆಂದು ಅತ್ತೆ ಸೀರೆ ತೆಗೆಯಲು ಬಂದರು. ನಾನು ಕರೆದುಕೊಂಡು ಹೋದೆ. ಆ ದಿನದ ನಂತರ ಅವರು ಮಗನ ತಲೆಯನ್ನು ಮುಟ್ಟಿಲ್ಲ. ಹಬ್ಬಕ್ಕೆ ಕಾಲಿಗೆ ಬಿದ್ದರೂ ಆಶೀರ್ವಾದಕ್ಕೆ ಎತ್ತಿದ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಗಾದಿಯ ಮೇಲೆ ಕೂತು ಒಂದು ಹಸಿರು ಸೀರೆ ಆರಿಸಿ, ಹಿಂದೆ ಮಡಿಸುತ್ತಿದ್ದ ಮಗನನ್ನು ಕರೆದರು.

"ನೀನೇ ಹೊದ್ದು ತೋರ್ಸಪ್ಪ."

ಇವರ ಎಡಗೈ ತಾನಾಗಿ ಹಣೆಗೆ ಹೋಗಿ ಕೂದಲು ಎಳೆದು ಮುಚ್ಚಿಕೊಂಡಿತು. "ನಂದು ಆ ಕೆಲ್ಸ ಅಲ್ಲವ್ವ ಈಗ," ಅಂದರು. ಹೊಸದುರ್ಗದವನು ಸುತ್ತಿಕೊಂಡು ನಿಂತ. ನೆರಿಗೆ ಸೊಟ್ಟ. "ಚೆನ್ನಾಗೈತಾ ಅಜ್ಜಿ?" ಅಂದ. ಅತ್ತೆ ಅದನ್ನೇ ಕಟ್ಟಿಸಿದರು.

ಮೆಟ್ಟಿಲು ಇಳಿಯುವಾಗ ಮಂಡಿ ನೋವೆಂದು ನನ್ನ ತೋಳು ಹಿಡಿದರು. ಎರಡನೇ ಮಹಡಿಯ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡರು.

"ಅವತ್ತು ಬಾಗಿಲಾಗೆ ತಲೆ ಬಗ್ಗಿಸಿ ನಿಂತ್ಯಲ್ಲ, ಯಾಕೆ ಅಂತ ನಂಗೆ ಗೊತ್ತೈತೆ. ನಿಮ್ಮಪ್ಪನಿಗೆ ಅಂದಿದ್ದೆ ನಾನು ಒಂದು ಮಾತು."

ನಾನು ಇನ್ನೊಂದು ಕೈಯಿಂದ ಮೆಟ್ಟಿಲಿನ ಕಂಬಿ ಹಿಡಿದೆ.

"ಹೊಟ್ಟೆ ತಣ್ಣಗಾತಾ?"

"ಇಲ್ಲ ಅತ್ತೆ."

"ಅವನಿಗೆ ಹೇಳಲ್ಲ ಬಿಡು. ಹೇಳಿದ್ರೆ ಒಂದಿನ ಬೈತಾನೆ, ಮುಗಿದೋಗ್ತೈತೆ ನಿಂದು. ನಂದು ಹೆಂಗೆ ಮುಗಿಯಲ್ವೋ ನಿಂದೂ ಹಂಗೇ ಇರ್ಲಿ." ಮತ್ತೆ ನನ್ನ ತೋಳು ಹಿಡಿದು, "ನಿಧಾನಕ್ಕೆ ಇಳಿಸೇ ತಾಯಿ, ಬೀಳ್ಸಿ ಗೀಳ್ಸೀಯ," ಅಂದರು.

ಇವರು ಈಗಲೂ ಕೂತೇ ಮಲಗುತ್ತಾರೆ. ಹತ್ತು ರಾತ್ರಿ ಸಾಕು ಅಂದಿತ್ತು ಹಾಳೆ, ಒಂದು ವರ್ಷವಾಯಿತು. ದಿಂಬಿಗೆ ತಲೆ ತಾಗಿದರೆ ಬೆಚ್ಚಿ ಏಳುತ್ತಾರೆ. ಪಟ್ಟಿಯನ್ನು ನಾನು ಎಸೆದೆ, ಆದರೆ ದಿಂಬು, ಕಂಬಳಿ, ಕಿಟಕಿ ಎಲ್ಲ ಅಲ್ಲೇ ಇವೆ. ಬೆಳಿಗ್ಗೆ ನಾನು ಮೊದಲು ನೋಡುವುದು ಎದೆ ಏರಿಳಿಯುತ್ತಿದೆಯೇ ಎಂದು. ಆಮೇಲೆ ದೀಪ ಹಚ್ಚುತ್ತೇನೆ. ಊದುಬತ್ತಿ ಹಚ್ಚುವುದಿಲ್ಲ.

ಗೇಟಿನ ಚಿಲಕ ಸದ್ದಾದರೆ ಓಡಿ ಹೋಗಿ ಬಾಗಿಲು ತೆರೆಯುತ್ತೇನೆ. ಬಂದವರು ಬಾಯಿ ಬಿಡುವ ಮೊದಲೇ, "ಮಲಗಿದ್ದಾರೆ, ಚೆನ್ನಾಗಿದ್ದಾರೆ," ಅನ್ನುತ್ತೇನೆ. ಹಾಲಿನವನಿಗೂ ಹೇಳುತ್ತೇನೆ. ಅವನು ಪಾತ್ರೆಗೆ ಹಾಲು ಸುರಿದು, ನನ್ನನ್ನು ಒಂದು ಥರ ನೋಡಿ, "ನಾನೇನ್ ಕೇಳ್ಲೇ ಇಲ್ವಲ್ಲಕ್ಕ," ಎಂದು ಹೋಗುತ್ತಾನೆ.